ಟಿಡಿಎಸ್ ಅಂಕಿ ಇಳಿಯದಿದ್ದರೆ ಫಿಲ್ಟರ್ ಕೆಲಸ ಮಾಡುತ್ತಿಲ್ಲವೆಂದು ಅರ್ಥವೇ?

ಪ್ರಶ್ನೆ: ಕುತೂಹಲಿ

ಅಡುಗೆಮನೆಯ ನಲ್ಲಿಗೆ ಜೋಡಿಸುವ ಎರಡು ಹಂತದ ಫಿಲ್ಟರೊಂದನ್ನು ನಾವು ಕೆಲಕಾಲದಿಂದ ಬಳಸುತ್ತಿದ್ದೇವೆ. ಮೊದಲ ಡಬ್ಬಿಯಲ್ಲಿ ನೂಲು ಸುತ್ತಿ ಮಾಡಿದ ಬಿಳಿಯ ಕಾರ್ಟ್ರಿಜ್ ಇದೆ, ಎರಡನೆಯದರಲ್ಲಿ ಕಪ್ಪು ಇಂಗಾಲದ ಗಟ್ಟಿಯಾದ ದಿಂಡು ಇದೆ. ಬಿಳಿಯ ಕಾರ್ಟ್ರಿಜ್ ಕೆಲವೇ ವಾರಗಳಲ್ಲಿ ಕಂದುಬಣ್ಣಕ್ಕೆ ತಿರುಗಿರುವುದರಿಂದ ಅದು ಏನನ್ನೋ ಹಿಡಿಯುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಫಿಲ್ಟರ್ ಹಾಕಿದ ದಿನದಿಂದಲೇ ನೀರಿನ ಕ್ಲೋರಿನ್ ವಾಸನೆಯೂ ಹೋಗಿದೆ.

ಈಚೆಗೆ ಮನೆಗೆ ಬಂದ ಬಂಧುಗಳೊಬ್ಬರು ಪೆನ್ನಿನಾಕಾರದ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ವಸ್ತುಗಳ ಪ್ರಮಾಣ) ಮೀಟರನ್ನು ಎರಡು ಲೋಟಗಳಲ್ಲಿ ಅದ್ದಿ ನೋಡಿದರು. ನಲ್ಲಿಯ ನೀರಿಗೆ 312 ಎಂದೂ ಫಿಲ್ಟರಿನ ನೀರಿಗೆ 310 ಎಂದೂ ಬಂದಿತು. ನೀವು ಇಷ್ಟು ದಿನ ಕುಡಿದದ್ದು ಬರೀ ನಲ್ಲಿ ನೀರನ್ನೇ, ಆರ್‌ಒ (ರಿವರ್ಸ್ ಆಸ್ಮೋಸಿಸ್) ಅಲ್ಲದ್ದು ಫಿಲ್ಟರೇ ಅಲ್ಲ ಎಂದು ಅವರು ತೀರ್ಪು ಕೊಟ್ಟು ಹೋದರು. ವಾಸನೆ ಹೋಗಿರುವುದು ನಿಜ, ಅಂಕಿ ಇಳಿಯದಿರುವುದೂ ನಿಜ. ಇವೆರಡನ್ನು ಹೊಂದಿಸಿಕೊಳ್ಳುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಇಂಗಾಲವು ನೀರಿನಿಂದ ಏನನ್ನು ತೆಗೆಯುತ್ತದೆ, ಏನನ್ನು ಬಿಡುತ್ತದೆ, ಏಕೆ ಬಿಡುತ್ತದೆ? ಆರ್‌ಒ ಹಾಕಿಸಿದರೆ ಉಳಿದ ಎಲ್ಲವೂ ಅನಾವಶ್ಯಕವಾಗುತ್ತವೆಯೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ನೀರಗಂಟಿ

ನಿಮ್ಮ ಬಂಧುಗಳ ಮೀಟರ್ ಸುಳ್ಳು ಹೇಳಿಲ್ಲ. ಅದು ಉತ್ತರಿಸಲಾರದ ಪ್ರಶ್ನೆಯನ್ನು ಅದಕ್ಕೆ ಕೇಳಲಾಗಿದೆ, ಅಷ್ಟೆ. ತನ್ನ ತುದಿಯಲ್ಲಿರುವ ಎರಡು ಲೋಹದ ಕಡ್ಡಿಗಳ ನಡುವೆ ನೀರು ಎಷ್ಟು ವಿದ್ಯುತ್ತನ್ನು ಹಾಯಗೊಡುತ್ತದೆ ಎಂಬುದನ್ನು ಮಾತ್ರ ಆ ಉಪಕರಣ ಅಳೆಯುತ್ತದೆ. ಹೀಗೆ ಸಿಕ್ಕ ವಾಹಕತೆಯನ್ನು ಸಾಮಾನ್ಯವಾಗಿ 0.5ರಿಂದ 0.7ರ ನಡುವಿನ ಒಂದು ಗುಣಕದಿಂದ ಗುಣಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಪರದೆಯ ಮೇಲೆ ತೋರಿಸುತ್ತದೆ. ನೀರಿನಲ್ಲಿ ವಿದ್ಯುತ್ತನ್ನು ಒಯ್ಯುವವು ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು. ನಿಮ್ಮ 312ರಲ್ಲಿ ಬಹುಪಾಲು ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ, ಬೈಕಾರ್ಬೊನೇಟ್, ಕ್ಲೋರೈಡ್ ಮತ್ತು ಸಲ್ಫೇಟುಗಳೇ ಇರುತ್ತವೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಲೋಟ ನೀರಿಗೆ ಒಂದು ಚಮಚ ಸಕ್ಕರೆ ಹಾಕಿ ಚೆನ್ನಾಗಿ ಕರಗಿಸಿ ಮೀಟರನ್ನು ಅದ್ದಿ ನೋಡಿ. ಲೀಟರಿನ ಲೆಕ್ಕದಲ್ಲಿ ಇಪ್ಪತ್ತು ಸಾವಿರ ಮಿಲಿಗ್ರಾಂಗೂ ಹೆಚ್ಚು ವಸ್ತು ಕರಗಿದ್ದರೂ ಅಂಕಿ ಮೇಲೇರುವುದಿಲ್ಲ, ಏಕೆಂದರೆ ಸಕ್ಕರೆ ಅಯಾನುಗಳಾಗಿ ಒಡೆಯುವುದಿಲ್ಲ. ಇನ್ನೊಂದು ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದರೆ ಅಂಕಿ ಒಮ್ಮೆಲೇ ಸಾವಿರ ದಾಟಬಹುದು. ಕೀಟನಾಶಕ, ದ್ರಾವಕ, ಬ್ಯಾಕ್ಟೀರಿಯಾ, ವೈರಸ್ ಇವೆಲ್ಲ ಈ ಮೀಟರಿನ ಪಾಲಿಗೆ ಸಕ್ಕರೆಯಂತೆಯೇ ಕಾಣದ ವಸ್ತುಗಳು. ಸೀಸ ಅಯಾನಾಗಿದ್ದರೂ ಅದರ ಪ್ರಮಾಣ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಆಗಿರುವುದರಿಂದ, ಅದರ ಹತ್ತು ಪಟ್ಟು ಸೀಸವಿದ್ದರೂ ಪರದೆಯ ಮೇಲಿನ 312 ಅಲುಗಾಡುವುದಿಲ್ಲ. ಹಾಗೆಯೇ 312 ಎಂಬ ಅಂಕಿಯೇನೂ ಭಯಪಡುವಂಥದ್ದಲ್ಲ. ಕರಗಿದ ಒಟ್ಟು ಲವಣಗಳಿಗೆ ಅದೇ ಸಂಸ್ಥೆಯು ಆರೋಗ್ಯಾಧಾರಿತ ಮಿತಿಯನ್ನು ನಿಗದಿಪಡಿಸಿಲ್ಲ. ಸುಮಾರು 600ರವರೆಗಿನ ನೀರು ಕುಡಿಯಲು ರುಚಿಕರವೆಂದೂ, 1000 ದಾಟಿದ ಮೇಲೆ ರುಚಿ ಕೆಡುತ್ತ ಹೋಗುತ್ತದೆಂದೂ ಅದು ಹೇಳುತ್ತದೆ.

ಇನ್ನು ನಿಮ್ಮ ಫಿಲ್ಟರಿನ ವಿಷಯ. ಬಿಳಿಯ ಕಾರ್ಟ್ರಿಜ್ ಮಾಡುವುದು ಸೋಸುವ ಕೆಲಸವನ್ನಷ್ಟೇ. ಇಂಥವುಗಳಲ್ಲಿ ಸಾಮಾನ್ಯವಾದ 5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಳತೆಯದು ಮರಳು, ತುಕ್ಕು, ಮಣ್ಣಿನ ಕಣಗಳನ್ನು ತಡೆಯುತ್ತದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಸ್ವಾರಸ್ಯವಿರುವುದು ಕಪ್ಪು ದಿಂಡಿನಲ್ಲಿ. ತೆಂಗಿನ ಚಿಪ್ಪು, ಕಲ್ಲಿದ್ದಲು ಅಥವಾ ಮರವನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಅನಂತರ 800 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ತಾಪದಲ್ಲಿ ಅದರ ಮೇಲೆ ಹಬೆ ಹಾಯಿಸಿದಾಗ, ಹಬೆಯು ಇಂಗಾಲವನ್ನು ಒಳಗೊಳಗೇ ಕೊರೆದು ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳನ್ನು ಉಂಟುಮಾಡುತ್ತದೆ. ಇವುಗಳಲ್ಲಿ ಬಹಳಷ್ಟು ರಂಧ್ರಗಳ ಅಗಲ 2 ನ್ಯಾನೋಮೀಟರಿಗಿಂತ ಕಡಿಮೆ. ಹೀಗೆ ಸಿದ್ಧವಾದ ಸಕ್ರಿಯ ಇಂಗಾಲದ ಒಂದೇ ಗ್ರಾಂನ ಒಳಮೈಯನ್ನೆಲ್ಲ ಬಿಡಿಸಿ ಹರಡಿದರೆ ಅದು ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ನೀರು ಈ ಮೇಲ್ಮೈಯನ್ನು ಸವರಿಕೊಂಡು ಹೋಗುವಾಗ, ನೀರಿನೊಂದಿಗೆ ಅಷ್ಟಾಗಿ ಹೊಂದಿಕೊಳ್ಳದ ಸಾವಯವ ಅಣುಗಳು, ಅಂದರೆ ದ್ರಾವಕಗಳು, ಹಲವು ಕೀಟನಾಶಕಗಳು, ಕೊಳೆತ ಎಲೆ ಮತ್ತು ಪಾಚಿಯಿಂದ ಬರುವ ವಾಸನೆಯ ಅಣುಗಳು, ನೀರನ್ನು ಬಿಟ್ಟು ಇಂಗಾಲದ ಮೈಗೆ ಅಂಟಿಕೊಳ್ಳುತ್ತವೆ. ಇದನ್ನು ಅಧಿಶೋಷಣೆ ಎನ್ನುತ್ತಾರೆ. ಅಂಟಿಸುವುದು ಅಣುಗಳ ನಡುವಿನ ದುರ್ಬಲ ಆಕರ್ಷಣೆಯಾದರೂ, ಮೇಲ್ಮೈ ಅಷ್ಟು ವಿಶಾಲವಾಗಿರುವುದರಿಂದ ಒಟ್ಟು ಪರಿಣಾಮ ದೊಡ್ಡದು.

ಲವಣಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ಕ್ಯಾಲ್ಸಿಯಂ ಅಥವಾ ಸೋಡಿಯಂ ಅಯಾನಿನ ಸುತ್ತ ನೀರಿನ ಅಣುಗಳು ಗಟ್ಟಿಯಾಗಿ ಮುತ್ತಿಕೊಂಡಿರುತ್ತವೆ. ಆ ಸಂಗವನ್ನು ತೊರೆದು ಇಂಗಾಲಕ್ಕೆ ಅಂಟಿಕೊಳ್ಳಲು ಅದಕ್ಕೆ ಯಾವ ಕಾರಣವೂ ಇಲ್ಲ. ಆದ್ದರಿಂದ ಗಡಸುತನ, ನೈಟ್ರೇಟ್, ಫ್ಲೋರೈಡ್ ಇವು ಸಾಮಾನ್ಯ ಇಂಗಾಲದ ಫಿಲ್ಟರಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ದಾಟಿಹೋಗುತ್ತವೆ, ನಿಮ್ಮ ಅಂಕಿ 310ರಲ್ಲೇ ನಿಲ್ಲುತ್ತದೆ.

ಕ್ಲೋರಿನ್ ಹೋಗುವ ಬಗೆಯೇ ಬೇರೆ. ಅದು ಅಂಟಿಕೊಂಡು ಕೂರುವುದಿಲ್ಲ. ಇಂಗಾಲದ ಮೈಯೊಡನೆ ರಾಸಾಯನಿಕವಾಗಿ ವರ್ತಿಸಿ, ಅದನ್ನು ಅಲ್ಪಸ್ವಲ್ಪ ಉತ್ಕರ್ಷಿಸಿ, ತಾನು ಕ್ಲೋರೈಡ್ ಅಯಾನಾಗಿ ನೀರಿನಲ್ಲೇ ಉಳಿಯುತ್ತದೆ. ಅಂದರೆ ನಿಮ್ಮ ಮೂಗಿಗೆ ಅಷ್ಟು ದೊಡ್ಡದಾಗಿ ತೋರಿದ ಬದಲಾವಣೆಯಲ್ಲಿ ಮೀಟರ್ ಎಣಿಸುವಂತಹ ಯಾವುದೂ ಕಡಿಮೆಯಾಗಿಲ್ಲ. ಕೆಲವು ಜಲಮಂಡಳಿಗಳು ಕ್ಲೋರಿನ್ ಬದಲು ಕ್ಲೋರಮೈನ್ ಬಳಸುತ್ತವೆ. ಅದು ಇಂಗಾಲದೊಡನೆ ಬಹಳ ನಿಧಾನವಾಗಿ ವರ್ತಿಸುವುದರಿಂದ ಅಲ್ಲಿ ನೀರು ಹೆಚ್ಚು ಹೊತ್ತು ಇಂಗಾಲದ ಸಂಪರ್ಕದಲ್ಲಿರಬೇಕಾಗುತ್ತದೆ. ನಲ್ಲಿಯನ್ನು ಪೂರ್ತಿ ತಿರುಗಿಸಿ ರಭಸವಾಗಿ ನೀರು ಹಿಡಿದರೆ ಯಾವ ಇಂಗಾಲದ ಫಿಲ್ಟರಿನ ಕೆಲಸವೂ ಕೆಡುತ್ತದೆ.

ಸೀಸದ ಬಗ್ಗೆ ಒಂದು ಮಾತು. ಅದನ್ನು ಕಡಿಮೆ ಮಾಡುವುದಾಗಿ ಪ್ರಮಾಣಿತವಾದ ಇಂಗಾಲದ ದಿಂಡುಗಳೂ ಉಂಟು, ಆದರೆ ಅವುಗಳಲ್ಲಿ ಇಂಗಾಲದ ಜೊತೆಗೆ ಸೀಸವನ್ನು ಹಿಡಿಯುವ ಬೇರೆ ಪದಾರ್ಥವನ್ನು ಬೆರೆಸಿರುತ್ತಾರೆ. ಪೊಟ್ಟಣದ ಮೇಲೆ ಹಾಗೆಂದು ಬರೆದಿಲ್ಲದಿದ್ದರೆ ಅದು ಆ ಕೆಲಸ ಮಾಡುತ್ತದೆಂದು ಊಹಿಸಿಕೊಳ್ಳಬಾರದು.

ಉತ್ತರ: ತಿರುಪುಳಿ

ನೀರಗಂಟಿಯವರು ಇಂಗಾಲದ ಬಗ್ಗೆ ಹೇಳಿದ್ದಾರೆ, ನಾನು ಆರ್‌ಒ ಬಗ್ಗೆ ಬರೆಯುತ್ತೇನೆ. ಇಂತಹ ಯಂತ್ರಗಳನ್ನು ಬಿಚ್ಚಿ ಜೋಡಿಸುವುದು ನನ್ನ ದಿನನಿತ್ಯದ ಕೆಲಸ.

ಉಪ್ಪಿನಂಶ ಕಡಿಮೆ ಇರುವ ನೀರನ್ನೂ ಹೆಚ್ಚು ಇರುವ ನೀರನ್ನೂ ನೀರನ್ನು ಬಿಟ್ಟು ಲವಣವನ್ನು ತಡೆಯುವ ಒಂದು ಅರೆಪಾರಕ ಪೊರೆಯಿಂದ ಬೇರ್ಪಡಿಸಿದರೆ, ನೀರು ತಾನಾಗಿಯೇ ತಿಳಿಯಾದ ಕಡೆಯಿಂದ ಉಪ್ಪಿನ ಕಡೆಗೆ ಸರಿಯುತ್ತದೆ. ಉಪ್ಪಿನ ಕಡೆಯಿಂದ ಸಾಕಷ್ಟು ಒತ್ತಡ ಹಾಕಿದರೆ ಈ ಹರಿವು ಹಿಂದುಮುಂದಾಗುತ್ತದೆ. ಆರ್‌ಒ ಎಂದರೆ ಇಷ್ಟೇ. 1960ರ ಸುಮಾರಿಗೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಎಂಬವರು, ಮೇಲೆ ಅತಿ ತೆಳುವಾದ ಪದರ ಮತ್ತು ಕೆಳಗೆ ರಂಧ್ರಮಯವಾದ ಆಧಾರವಿರುವ ಸೆಲ್ಯುಲೋಸ್ ಅಸಿಟೇಟ್ ಪೊರೆಯನ್ನು ತಯಾರಿಸಿದ ಮೇಲೆ ಈ ವಿಧಾನ ಪ್ರಯೋಗಾಲಯದಿಂದ ಹೊರಗೆ ಬಂದಿತು. ಈಗ ಮನೆಗಳಲ್ಲಿರುವುದು ಹೆಚ್ಚಾಗಿ ಪಾಲಿಅಮೈಡ್‌ನ ಪೊರೆ. ಇದನ್ನು ಅತಿ ಸಣ್ಣ ತೂತುಗಳ ಜರಡಿ ಎಂದು ವರ್ಣಿಸುವುದು ರೂಢಿಯಲ್ಲಿದ್ದರೂ, ವಾಸ್ತವವಾಗಿ ನೀರಿನ ಅಣುಗಳು ಪೊರೆಯ ಪದಾರ್ಥದಲ್ಲೇ ಕರಗಿ, ಅದರೊಳಗೆ ವಿಸರಿಸಿ ಆಚೆ ದಾಟುತ್ತವೆ ಮತ್ತು ಅಯಾನುಗಳಿಗೆ ಹಾಗೆ ದಾಟುವುದು ಬಹಳ ಕಷ್ಟವಾಗುತ್ತದೆ ಎಂಬುದೇ ಹೆಚ್ಚು ಒಪ್ಪಿತವಾಗಿರುವ ವಿವರಣೆ.

ಲೀಟರಿಗೆ ಸುಮಾರು 300 ಮಿಲಿಗ್ರಾಂ ಲವಣವಿರುವ ನೀರಿನ ಪರಾಸರಣ ಒತ್ತಡ, ಅಂದರೆ ಹರಿವನ್ನು ಹಿಂದುಮುಂದಾಗಿಸಲು ಮೀರಬೇಕಾದ ಒತ್ತಡ, ಕಾಲು ಬಾರ್‌ನಷ್ಟೂ (ಬಾರ್ ಒತ್ತಡದ ಅಳತೆ) ಇರುವುದಿಲ್ಲ, ಸಮುದ್ರದ ನೀರಿಗಾದರೆ ಅದು 25 ಬಾರ್ ದಾಟುತ್ತದೆ. ಹೀಗಾಗಿ ಮನೆಯ ಯಂತ್ರ ಮೂರು ನಾಲ್ಕು ಬಾರ್ ಒತ್ತಡದಲ್ಲೇ ನಡೆಯುತ್ತದೆ. ನಲ್ಲಿಯಲ್ಲಿ ಅಷ್ಟಿಲ್ಲದಿದ್ದರೆ ಒಳಗಿರುವ ಚಿಕ್ಕ ಪಂಪು ಅದನ್ನು ಒದಗಿಸುತ್ತದೆ. ಪೊರೆ ಲವಣಗಳಲ್ಲಿ ಶೇಕಡಾ 95ರಷ್ಟನ್ನು ತಡೆದರೆ ನಿಮ್ಮ 312 ಸುಮಾರು 16ಕ್ಕೆ ಇಳಿಯುತ್ತದೆ. ನಿಮ್ಮ ಬಂಧುಗಳಿಗೆ ಬೇಕಾದದ್ದು ಇದೇ ದೃಶ್ಯ. ಮೀಟರಿಗೂ ಆರ್‌ಒ ಮಾರಾಟಕ್ಕೂ ಇರುವ ಸ್ನೇಹ ಹಳೆಯದು.

ತಡೆದ ಲವಣಗಳು ಎಲ್ಲಾದರೂ ಹೋಗಲೇಬೇಕಷ್ಟೆ. ಅವನ್ನು ತೊಳೆದುಕೊಂಡು ಹೋಗುವುದೇ ಚರಂಡಿಗೆ ಬಿಡುವ ನೀರಿನ ಕೆಲಸ. ಹಳೆಯ ಮಾದರಿಯ ಯಂತ್ರಗಳು ಒಂದು ಲೀಟರ್ ಶುದ್ಧ ನೀರಿಗೆ ಮೂರು ನಾಲ್ಕು ಲೀಟರುಗಳನ್ನು ಹೀಗೆ ಹೊರಹಾಕುತ್ತವೆ. ನೀರು ಉಳಿಸುವ ಸದುದ್ದೇಶದಿಂದ ಕೆಲವರು ಆ ಸಣ್ಣ ಕೊಳವೆಯನ್ನು ಕ್ಲಿಪ್ ಹಾಕಿ ಬಿಗಿಮಾಡುವುದುಂಟು. ಹಾಗೆ ಮಾಡಿದ ಯಂತ್ರದ ಪೊರೆಯನ್ನು ಬಿಚ್ಚಿದಾಗ ಸುರುಳಿಯ ಹಾಳೆಗಳ ನಡುವೆ ಸುಣ್ಣದ ಬಿಳಿಯ ಹರಳುಗಳು ಉಗುರಿಗೆ ಸಿಗುವಷ್ಟು ಗಟ್ಟಿಯಾಗಿ ಕಟ್ಟಿರುತ್ತವೆ. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸುವುದೇ ಉತ್ತಮ.

ಉಳಿದವೆಲ್ಲ ಅನಾವಶ್ಯಕವಾಗುತ್ತವೆಯೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಪಾಲಿಅಮೈಡ್ ಪೊರೆಯನ್ನು ಕ್ಲೋರಿನ್ ಹಾಳುಮಾಡುತ್ತದೆ, ಆದ್ದರಿಂದ ನೀರು ಪೊರೆಯನ್ನು ತಲುಪುವ ಮೊದಲು ಇಂಗಾಲ ಇರಲೇಬೇಕು. ಮಣ್ಣಿನ ಕಣಗಳು ಪೊರೆಯನ್ನು ಮುಚ್ಚಿಹಾಕುತ್ತವೆ, ಆದ್ದರಿಂದ ಇಂಗಾಲಕ್ಕೂ ಮೊದಲು ಸೋಸುವ ಕಾರ್ಟ್ರಿಜ್ ಇರಬೇಕು. ನಿಮ್ಮಲ್ಲಿರುವ ಎರಡೂ ಡಬ್ಬಿಗಳು ಪ್ರತಿಯೊಂದು ಆರ್‌ಒ ಯಂತ್ರದೊಳಗೂ ಇವೆ. ನೀರಿನಲ್ಲಿ ಕರಗಿದ ಅನಿಲಗಳು ಪೊರೆಯನ್ನು ಸಲೀಸಾಗಿ ದಾಟುತ್ತವೆ. ಆರ್ಸೆನಿಕ್‌ನ ಒಂದು ರೂಪ ವಿದ್ಯುದಾವೇಶವಿಲ್ಲದ ಅಣುವಾಗಿರುವುದರಿಂದ, ಆವೇಶವಿರುವ ಇನ್ನೊಂದು ರೂಪಕ್ಕಿಂತ ಹೆಚ್ಚಾಗಿ ನುಸುಳಿಹೋಗುತ್ತದೆ.

ಮೀಟರ್ ಪ್ರಿಯರಿಗೆ ಎರಡು ವಿಷಯಗಳು ತಿಳಿದಿರಬೇಕು. ರಾತ್ರಿಯಿಡೀ ಸುಮ್ಮನಿದ್ದ ಯಂತ್ರದಿಂದ ಬೆಳಿಗ್ಗೆ ಬರುವ ಮೊದಲ ನೀರಿನಲ್ಲಿ ಅಂಕಿ ಎಂದಿಗಿಂತ ಹೆಚ್ಚಿರುತ್ತದೆ, ಏಕೆಂದರೆ ಒತ್ತಡವಿಲ್ಲದಿರುವಾಗ ನೀರಿನ ಹರಿವು ನಿಂತರೂ ಲವಣಗಳು ಪೊರೆಯ ಮೂಲಕ ಮೆಲ್ಲಗೆ ಈಚೆಗೆ ಜಿನುಗುತ್ತಲೇ ಇರುತ್ತವೆ. ಪೊರೆ ಹಾಳಾಗಿದೆಯೆಂದು ಅಷ್ಟಕ್ಕೇ ಗಾಬರಿಯಾಗಬೇಕಿಲ್ಲ, ಸ್ವಲ್ಪ ಹೊತ್ತು ಓಡಿಸಿ ಅಳೆದರೆ ಸಾಕು. ಎರಡನೆಯದು ಹೆಚ್ಚು ಗಂಭೀರವಾದದ್ದು. ಅನೇಕ ಯಂತ್ರಗಳಲ್ಲಿ ಟಿಡಿಎಸ್ ಹೊಂದಿಸಲೆಂದು ಒಂದು ತಿರುಪು ಇರುತ್ತದೆ. ಅದು ಖನಿಜಗಳನ್ನು ಸೃಷ್ಟಿಸುವುದಿಲ್ಲ, ಪೊರೆಯ ಮೂಲಕ ಹೋಗದ ನೀರನ್ನು ಬಳಸುದಾರಿಯಿಂದ ತಂದು ಶುದ್ಧ ನೀರಿಗೆ ಬೆರೆಸುತ್ತದೆ. ಫ್ಲೋರೈಡ್ ಅಥವಾ ನೈಟ್ರೇಟ್ ಹೆಚ್ಚಿದೆಯೆಂದು ಆರ್‌ಒ ಹಾಕಿಸಿದವರು ಆ ತಿರುಪನ್ನು ಬಿಚ್ಚಿದರೆ, ಬೇಡವೆಂದು ತೆಗೆದದ್ದೇ ಮತ್ತೆ ಲೋಟಕ್ಕೆ ಬಂದು ಸೇರುತ್ತದೆ.

ಜಲಮಂಡಳಿ ಶುದ್ಧೀಕರಿಸಿ ಕೊಡುವ 312ರ ನೀರಿಗೆ, ಅದರಲ್ಲಿ ನಿರ್ದಿಷ್ಟವಾದ ದೋಷವೇನೂ ಪರೀಕ್ಷೆಯಲ್ಲಿ ಕಂಡುಬರದಿದ್ದರೆ, ನಾನಂತೂ ಆರ್‌ಒ ಹಾಕಿಸಿಕೊಳ್ಳಲು ಹೇಳುವುದಿಲ್ಲ.

ಉತ್ತರ: ಸೂಕ್ಷ್ಮದರ್ಶಿ

ಇದುವರೆಗಿನ ಚರ್ಚೆಯೆಲ್ಲ ಕರಗಿದ ವಸ್ತುಗಳ ಸುತ್ತಲೇ ನಡೆದಿದೆ. ಕುಡಿಯುವ ನೀರಿನಿಂದ ಜನರನ್ನು ಬೇಗನೆ ಹಾಸಿಗೆ ಹಿಡಿಸುವವು ರೋಗಾಣುಗಳೇ ಆಗಿರುವುದರಿಂದ ಅವುಗಳ ಬಗ್ಗೆಯೂ ಹೇಳುವುದು ಅಗತ್ಯ.

ಸಾಮಾನ್ಯ ಇಂಗಾಲದ ಫಿಲ್ಟರ್ ರೋಗಾಣುಗಳನ್ನು ಕೊಲ್ಲುವುದಿಲ್ಲ. ಅಷ್ಟೇ ಅಲ್ಲ, ಅದು ಕ್ಲೋರಿನ್ನನ್ನು ತೆಗೆದುಹಾಕುವುದರಿಂದ ಅಲ್ಲಿಂದ ಮುಂದಿನ ನೀರಿಗೆ ಕಾವಲು ಇರುವುದಿಲ್ಲ. ಹಿಡಿದಿಟ್ಟ ಸಾವಯವ ಪದಾರ್ಥವೇ ಆಹಾರವಾಗಿ, ತೇವ ಮತ್ತು ಕತ್ತಲೆ ಎರಡೂ ಇರುವ ಆ ದಿಂಡಿನೊಳಗೆ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡು ಬೆಳೆಯುತ್ತವೆ. ಇವುಗಳಲ್ಲಿ ಹೆಚ್ಚಿನವು ಆರೋಗ್ಯವಂತರಿಗೆ ನಿರುಪದ್ರವಿಗಳಾದರೂ, ಕೆಲವು ದಿನ ಮನೆ ಬೀಗ ಹಾಕಿ ಹಿಂದಿರುಗಿದಾಗ ಫಿಲ್ಟರಿನ ನೀರನ್ನು ಕೆಲವು ನಿಮಿಷ ಹರಿಯಬಿಟ್ಟು ಅನಂತರವೇ ಕುಡಿಯಬೇಕು. ಅದೇ ಕಾರಣದಿಂದ ಸೋಸಿದ ನೀರನ್ನು ದಿನಗಟ್ಟಲೆ ತುಂಬಿಡುವುದೂ ಸರಿಯಲ್ಲ.

ರೋಗಾಣುಗಳನ್ನು ಸೋಸಿ ತೆಗೆಯಬೇಕಾದರೆ ರಂಧ್ರ ಬಹಳ ಸಣ್ಣದಿರಬೇಕು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಯ ಕೋಶ 4ರಿಂದ 6 ಮೈಕ್ರಾನ್ ಇರುತ್ತದೆ, ಬ್ಯಾಕ್ಟೀರಿಯಾಗಳು ಒಂದೆರಡು ಮೈಕ್ರಾನ್ ಉದ್ದವಿರುತ್ತವೆ, ನೊರೊವೈರಸ್‌ನಂತಹ ವೈರಸ್ಸು ಇವುಗಳಿಗಿಂತ ಹತ್ತಾರು ಪಟ್ಟು ಚಿಕ್ಕದು. ನಿಮ್ಮ 5 ಮೈಕ್ರಾನ್ ಕಾರ್ಟ್ರಿಜ್ ಇವುಗಳಲ್ಲಿ ಯಾವುದನ್ನೂ ನೆಚ್ಚುವಂತೆ ತಡೆಯಲಾರದು. ಸುಟ್ಟ ಜೇಡಿಮಣ್ಣಿನ ಒಳ್ಳೆಯ ಕ್ಯಾಂಡಲ್ ಫಿಲ್ಟರ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ವೈರಸ್ಸುಗಳನ್ನು ಬಿಡುತ್ತದೆ. ಟೊಳ್ಳು ಎಳೆಗಳ ಕಟ್ಟಿನಂತಿರುವ ಅಲ್ಟ್ರಾಫಿಲ್ಟ್ರೇಶನ್ ಪೊರೆಯ ರಂಧ್ರ 0.01ರಿಂದ 0.1 ಮೈಕ್ರಾನ್ ಇರುವುದರಿಂದ ಬ್ಯಾಕ್ಟೀರಿಯಾಗಳು ಪೂರ್ತಿ ನಿಲ್ಲುತ್ತವೆ, ವೈರಸ್ಸುಗಳು ನಿಲ್ಲುವುದು ಆ ಪೊರೆ ಎಷ್ಟು ಸೂಕ್ಷ್ಮವಾಗಿದೆ ಎಂಬುದರ ಮೇಲೆ ನಿಂತಿದೆ. ಇದಕ್ಕೆ ವಿದ್ಯುತ್ತು ಬೇಡ, ನೀರೂ ಪೋಲಾಗುವುದಿಲ್ಲ. ಆದರೂ ಇದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ.

ನೇರಳಾತೀತ ದೀಪದ ದಾರಿ ಬೇರೆ. ಅದು ಏನನ್ನೂ ತೆಗೆಯುವುದಿಲ್ಲ. ಸುಮಾರು 254 ನ್ಯಾನೋಮೀಟರ್ ತರಂಗದೂರದ ಆ ಕಿರಣಗಳು ರೋಗಾಣುವಿನ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಘಟಕಗಳನ್ನು ಒಂದಕ್ಕೊಂದು ಬೆಸೆದುಬಿಡುವುದರಿಂದ ಅದಕ್ಕೆ ತನ್ನ ನಕಲನ್ನು ಮಾಡಿಕೊಳ್ಳುವ ಶಕ್ತಿ ಹೋಗುತ್ತದೆ, ಸಂತತಿ ಬೆಳೆಸಲಾರದ ರೋಗಾಣು ಸೋಂಕು ತರಲಾರದು. ಕ್ಲೋರಿನ್ನಿಗೆ ಬಗ್ಗದ ಕ್ರಿಪ್ಟೊಸ್ಪೊರಿಡಿಯಂ ಈ ಕಿರಣಗಳಿಗೆ ಸುಲಭವಾಗಿ ಸೋಲುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದ ಸಾರ್ವಜನಿಕ ನೀರಿನಲ್ಲಿ ಸೇರಿ ಅಂದಾಜು 4 ಲಕ್ಷ ಜನರನ್ನು ಅಸ್ವಸ್ಥಗೊಳಿಸಿದ್ದು ಇದೇ ಪರಾವಲಂಬಿ. ಅಡಿನೊವೈರಸ್ಸುಗಳು ಮಾತ್ರ ಈ ಕಿರಣಗಳನ್ನು ಬಹಳ ಮಟ್ಟಿಗೆ ತಾಳಿಕೊಳ್ಳುತ್ತವೆ. ನೀರು ಕದಡಿದ್ದರೆ ಕಣಗಳ ನೆರಳಿನಲ್ಲಿ ರೋಗಾಣುಗಳು ಪಾರಾಗುತ್ತವೆ, ದೀಪವನ್ನು ಆವರಿಸಿರುವ ಕ್ವಾರ್ಟ್ಸ್ ಕೊಳವೆಗೆ ಸುಣ್ಣದ ಪೊರೆ ಕಟ್ಟಿದರೆ ಕಿರಣಗಳು ನೀರನ್ನೇ ಮುಟ್ಟುವುದಿಲ್ಲ. ದೀಪ ನೀಲಿಯಾಗಿ ಬೆಳಗುತ್ತಿರುವುದೂ ಭರವಸೆಯಲ್ಲ. ರೋಗಾಣುಗಳಿಗೆ ಪೆಟ್ಟು ಕೊಡುವ ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ, ಅದು ವರುಷದ ಬಳಕೆಯಲ್ಲಿ ಗಣನೀಯವಾಗಿ ಕುಗ್ಗಿದ ಮೇಲೂ ನೀಲಿ ಬೆಳಕು ಹಾಗೆಯೇ ಇರುತ್ತದೆ.

ಇವೆಲ್ಲಕ್ಕಿಂತ ಹಳೆಯ ಉಪಾಯವಾದ ಕುದಿಸುವುದು ಬ್ಯಾಕ್ಟೀರಿಯಾ, ವೈರಸ್, ಪರಾವಲಂಬಿ ಮೂರಕ್ಕೂ ಸಾಕು. ನೀರು ಮೇಲೆಲ್ಲ ಕೊತಕೊತನೆ ಕುದಿಯಬೇಕು. ರಾಸಾಯನಿಕಗಳ ವಿಷಯದಲ್ಲಿ ಮಾತ್ರ ಅದನ್ನು ನೆಚ್ಚುವಂತಿಲ್ಲ, ಆವಿಯಾಗಿ ನೀರು ಕಡಿಮೆಯಾದಷ್ಟೂ ನೈಟ್ರೇಟ್ ಮತ್ತು ಫ್ಲೋರೈಡ್‌ಗಳ ಸಾಂದ್ರತೆ ಏರುತ್ತದೆ.

ಮರುಪ್ರಶ್ನೆ: ಕುತೂಹಲಿ

ಮೂವರಿಗೂ ಕೃತಜ್ಞತೆಗಳು. ನಮ್ಮ ನೀರು ಜಲಮಂಡಳಿಯಿಂದ ಕ್ಲೋರಿನ್ ಬೆರೆತು ಬರುವುದರಿಂದ ಸದ್ಯಕ್ಕೆ ಇರುವ ಫಿಲ್ಟರನ್ನೇ ಮುಂದುವರಿಸುತ್ತೇನೆ. ಒಂದು ಸಂದೇಹ ಉಳಿದಿದೆ. ಬಿಳಿಯ ಕಾರ್ಟ್ರಿಜ್ ಕಟ್ಟಿಕೊಂಡಾಗ ಹರಿವು ತಗ್ಗುತ್ತದೆ, ಆಗ ಬದಲಾಯಿಸುತ್ತೇನೆ. ಇಂಗಾಲದ ದಿಂಡು ಹೊರಗಿನಿಂದ ನೋಡಿದರೆ ಮೊದಲ ದಿನ ಇದ್ದಂತೆಯೇ ಇದೆ, ಮೀಟರಿನಿಂದಲೂ ಉಪಯೋಗವಿಲ್ಲವೆಂದು ತಿಳಿಯಿತು. ಹಾಗಾದರೆ ಅದರ ಆಯಸ್ಸು ಮುಗಿದದ್ದನ್ನು ಕಂಡುಕೊಳ್ಳುವುದು ಹೇಗೆ? ಕ್ಲೋರಿನ್ ವಾಸನೆ ಮತ್ತೆ ಬರುವವರೆಗೆ ಕಾಯಬಹುದೇ?

ಉತ್ತರ: ನೀರಗಂಟಿ

ಕಾಯುವುದು ಸರಿಯಲ್ಲ. ಇಂಗಾಲದ ಶಕ್ತಿ ಎಲ್ಲ ವಸ್ತುಗಳಿಗೂ ಒಟ್ಟಿಗೆ ಮುಗಿಯುವುದಿಲ್ಲ. ಕ್ಲೋರಿನ್ನನ್ನು ಅದು ರಾಸಾಯನಿಕ ಕ್ರಿಯೆಯಿಂದ ನಾಶಮಾಡುವುದರಿಂದ ಆ ಸಾಮರ್ಥ್ಯ ಬಹುಕಾಲ ಬಾಳುತ್ತದೆ. ಕ್ಲೋರೊಫಾರ್ಮ್‌ನಂತಹ, ನೀರಿಗೆ ಕ್ಲೋರಿನ್ ಬೆರೆಸಿದಾಗ ಉಪೋತ್ಪನ್ನಗಳಾಗಿ ಹುಟ್ಟುವ ಸಣ್ಣ ಅಣುಗಳಿಗೆ ಅಂಟಿಕೊಳ್ಳಲು ಬೇಕಾದ ಜಾಗ ಅದಕ್ಕಿಂತ ಬಹಳ ಮೊದಲೇ ತುಂಬಿಹೋಗುತ್ತದೆ. ಇನ್ನೂ ಬಿಗಿಯಾಗಿ ಅಂಟಿಕೊಳ್ಳುವ ಅಣುಗಳು ಬಂದಾಗ, ಮೊದಲು ಹಿಡಿದಿದ್ದ ಸಡಿಲ ಅಣುಗಳನ್ನು ಅವು ಎಬ್ಬಿಸಿ ಕಳುಹಿಸುವುದೂ ಉಂಟು. ಆಗ ಒಳಬರುವ ನೀರಿಗಿಂತ ಹೊರಹೋಗುವ ನೀರಿನಲ್ಲೇ ಆ ಅಣುಗಳು ಕೆಲಕಾಲ ಹೆಚ್ಚಾಗಿರಬಹುದು. ಅಂದರೆ ಕ್ಲೋರಿನ್ ವಾಸನೆ ಮರಳಿ ಬರುವ ಹೊತ್ತಿಗೆ ದಿಂಡು ತನ್ನ ಇತರ ಕೆಲಸಗಳನ್ನು ಯಾವಾಗಲೋ ಬಿಟ್ಟಿರುತ್ತದೆ. ಕ್ಲೋರಿನ್ ಪರೀಕ್ಷಿಸುವ ಡಿಪಿಡಿ ಮಾತ್ರೆ ಹಾಕಿದಾಗ ಸೋಸಿದ ನೀರು ಗುಲಾಬಿ ಬಣ್ಣಕ್ಕೆ ತಿರುಗಿದರೆ ದಿಂಡು ಖಂಡಿತ ಮುಗಿದಿದೆ ಎಂದು ಹೇಳಬಹುದು. ಬಣ್ಣ ಬಾರದಿದ್ದರೆ ಅದು ಇನ್ನೂ ಎಲ್ಲವನ್ನೂ ಹಿಡಿಯುತ್ತಿದೆ ಎಂದು ಹೇಳಲಾಗದು.

ಆದ್ದರಿಂದ ತಯಾರಕರು ನಮೂದಿಸಿದ ಲೀಟರುಗಳ ಲೆಕ್ಕವನ್ನು, ಜೊತೆಗೆ ತಿಂಗಳುಗಳ ಮಿತಿಯನ್ನು ನೋಡಿ, ಯಾವುದು ಮೊದಲು ಮುಗಿಯುತ್ತದೋ ಆಗ ಬದಲಾಯಿಸಿ. ಆ ಲೆಕ್ಕ ಯಾವ ವಸ್ತುವಿಗೆ ಅನ್ವಯಿಸುತ್ತದೆ ಎಂಬುದನ್ನೂ ಓದಬೇಕು. ಫಿಲ್ಟರುಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಎನ್‌ಎಸ್‌ಎಫ್ ಎಂಬ ಸಂಸ್ಥೆಯ ಮಾನಕಗಳಲ್ಲಿ 42ನೆಯದು ಕ್ಲೋರಿನ್, ರುಚಿ, ವಾಸನೆಗಳಿಗೆ ಸಂಬಂಧಿಸಿದ್ದು, 53ನೆಯದು ಸೀಸದಂತಹ ಆರೋಗ್ಯಕ್ಕೆ ಹಾನಿಕರವಾದ ವಸ್ತುಗಳಿಗೆ ಸಂಬಂಧಿಸಿದ್ದು. 53ರಲ್ಲೂ ಪ್ರತಿಯೊಂದು ವಸ್ತುವಿಗೆ ಪ್ರತ್ಯೇಕವಾಗಿ ಪರೀಕ್ಷೆ ನಡೆಯುವುದರಿಂದ, ಮಾನಕದ ಸಂಖ್ಯೆಯ ಜೊತೆಗೆ ವಸ್ತುಗಳ ಪಟ್ಟಿಯನ್ನೂ ನೋಡುವುದು ಒಳ್ಳೆಯದು.

ಹೊಸ ದಿಂಡು ಹಾಕಿದ ಮೇಲೆ ಮೊದಲು ಬರುವ ನೀರು ಬೂದುಗಪ್ಪಾಗಿರುತ್ತದೆ. ಅದು ಇಂಗಾಲದ ಪುಡಿಯೇ ಹೊರತು ಬೇರೇನಲ್ಲ. ನೀರು ತಿಳಿಯಾಗುವವರೆಗೆ ಹರಿಯಬಿಟ್ಟು, ಡಬ್ಬಿಯ ಬಾಯಿಯ ರಬ್ಬರ್ ಉಂಗುರ ಸರಿಯಾಗಿ ಕುಳಿತಿದೆಯೇ ಎಂದು ನೋಡಿಕೊಳ್ಳಿ. ದಿಂಡಿನ ಎರಡೂ ತುದಿಯ ಬಿಲ್ಲೆಗಳು ಒತ್ತಿ ಕೂರದಿದ್ದರೆ ನೀರು ಇಂಗಾಲದೊಳಗೆ ಹೋಗುವ ಬದಲು ಪಕ್ಕದ ಸಂದಿಯಿಂದ ಹಾದು ನೇರವಾಗಿ ಲೋಟಕ್ಕೆ ಬರುತ್ತದೆ.